ಯಂತ್ರ ಬರೆದ ಊರು



ಕಳೆದ ವರ್ಷ ನಮ್ಮ ಶಾಲೆಯ ಐದನೆಯ ತರಗತಿಯ ಮಕ್ಕಳಿಗೆ ‘ನನ್ನ ಊರು’ ಎಂಬ ವಿಷಯದ ಮೇಲೆ ಹತ್ತು ಸಾಲು ಬರೆದುಕೊಂಡು ಬರಲು ಹೇಳಿದ್ದೆ. ಮರುದಿನ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ತನ್ನ ವಹಿ ತಂದು ಮೇಜಿನ ಮೇಲೆ ಇಟ್ಟಳು. ಅಕ್ಷರಗಳು ದುಂಡಾಗಿದ್ದವು. ಒಂದೂ ಕಾಗುಣಿತದ ತಪ್ಪು ಇರಲಿಲ್ಲ. ‘ನಮ್ಮ ಊರಿನ ಪಕ್ಕದಲ್ಲಿ ವರ್ಷವಿಡೀ ನದಿ ತುಂಬಿ ಹರಿಯುತ್ತದೆ. ನದಿಯ ದಂಡೆಯ ಮೇಲೆ ತೆಂಗು, ಅಡಿಕೆಯ ತೋಟಗಳಿವೆ. ಮುಂಜಾನೆ ಹಸಿರು ಬೆಟ್ಟಗಳು ಮಂಜಿನಲ್ಲಿ ಮುಳುಗಿರುತ್ತವೆ’ ಎಂದು ಬರೆದಿತ್ತು.

ನಮ್ಮದು ಜತ್ತ ತಾಲೂಕು. ಸಾಂಗಲಿ ಜಿಲ್ಲೆಯ ಪೂರ್ವದ ಅಂಚು. ಮಳೆ ಕಡಿಮೆ. ಇಲ್ಲಿ ಬಿಳಿಜೋಳ, ಸಜ್ಜೆ, ದಾಳಿಂಬೆ, ದ್ರಾಕ್ಷಿ ಬೆಳೆಯುತ್ತವೆ. ಬಯಲಿನಲ್ಲಿ ಮಾಡಗ್ಯಾಳ ಕುರಿಗಳು ಮೇಯುತ್ತವೆ. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣಾ ನದಿಯ ನೀರು ಮೇಲೇರಿ ತಾಲೂಕಿನ ಹಲವು ಊರುಗಳನ್ನು ಮುಟ್ಟಿದೆ ನಿಜ. ಆದರೂ ಟ್ಯಾಂಕರಿನ ಮುಂದೆ ಕೊಡ ಹಿಡಿದು ಸಾಲಿನಲ್ಲಿ ನಿಂತ ನೆನಪು ನಮ್ಮಲ್ಲಿ ಯಾರಿಗೆ ಇಲ್ಲ? ಅಡಿಕೆಯ ಮರವನ್ನು ಆ ಹುಡುಗಿ ಕಣ್ಣಾರೆ ಕಂಡಿರಲಿಕ್ಕಿಲ್ಲ.

“ಇದು ಯಾವ ಊರು ಅವ್ವಾ?” ಎಂದು ಕೇಳಿದೆ.

“ನಮ್ಮ ಅಣ್ಣ ಫೋನಿಗೆ ಕೇಳಿದ್ರಿ ಗುರುಜಿ. ಅದ ಬರದು ಕೊಟ್ಟೈತ್ರಿ” ಎಂದಳು. ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ. ಅಂಜುವಂಥ ತಪ್ಪು ಮಾಡಿದ್ದೇನೆಂದು ಅವಳಿಗೆ ಅನಿಸಿಯೂ ಇರಲಿಲ್ಲ.

ನನಗೆ ಆ ದಿನ ಸಿಟ್ಟು ಬರಲಿಲ್ಲ. ಸಂಕಟವಾಯಿತು. ಹತ್ತು ವರ್ಷದ ಹುಡುಗಿ ತನ್ನ ಊರನ್ನು ತಾನೇ ನೋಡಿ ಬರೆಯುವ ಬದಲು ಊರನ್ನು ಎಂದೂ ಕಾಣದವರ ಕಡೆಯಿಂದ ಬರೆಯಿಸಿಕೊಂಡು ಬಂದಿದ್ದಳು. ಅದು ಕೊಟ್ಟ ಊರು ಅವಳಿಗೆ ತನ್ನ ಊರಿಗಿಂತ ಚಂದ ಕಂಡಿತ್ತು. ಈ ವಿಷಯವನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದು ಅಂದಿನಿಂದಲೂ ಮನಸ್ಸಿನಲ್ಲಿದೆ.

ಫೋನಿನಲ್ಲಿ ಕುಳಿತು ಉತ್ತರ ಕೊಡುವ ಈ ಯಂತ್ರಬುದ್ಧಿಗೆ ‘ಕೃತಕ ಬುದ್ಧಿಮತ್ತೆ’ ಎಂದು ಹೆಸರು. ಇದರ ಮೂಲ ಇಂಗ್ಲಿಷ್ ಹೆಸರು ಹೊಸದೇನಲ್ಲ. 1956ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನಲ್ಲಿ ಕೆಲವು ವಿಜ್ಞಾನಿಗಳು ಸೇರಿ ‘ಯಂತ್ರವು ಮನುಷ್ಯನಂತೆ ವಿಚಾರ ಮಾಡಬಲ್ಲುದೇ?’ ಎಂದು ಚರ್ಚಿಸಿದರು. ಆ ಸಭೆಯಿಂದ ಈ ಹೆಸರು ರೂಢಿಗೆ ಬಂದಿತು. ಅಲ್ಲಿಂದ ಸುಮಾರು ಆರೂವರೆ ದಶಕ ಇದು ಪ್ರಯೋಗಶಾಲೆಗಳಲ್ಲಿಯೇ ಹೆಚ್ಚಾಗಿ ಇತ್ತು. 2022ರ ನವೆಂಬರ್ ತಿಂಗಳಲ್ಲಿ ಚಾಟ್‌ಜಿಪಿಟಿ ಎಂಬ ತಂತ್ರಾಂಶ ಎಲ್ಲರ ಬಳಕೆಗೆ ಬಂದ ಮೇಲೆ ಹಳ್ಳಿಯ ಕಟ್ಟೆಯ ಮೇಲೂ ಇದರ ಮಾತು ಕೇಳಿಬರತೊಡಗಿತು.

ಮರಾಠಿಯಲ್ಲಿ ಇದಕ್ಕೆ ‘ಕೃತ್ರಿಮ ಬುದ್ಧಿಮತ್ತಾ’ ಎನ್ನುತ್ತಾರೆ. ನಮ್ಮ ಆಡುಮಾತಿನಲ್ಲಿ ‘ಕೃತ್ರಿಮ’ ಎಂದರೆ ಕಪಟ, ಮೋಸ. ‘ಅವನದು ಕೃತ್ರಿಮ ಬುದ್ಧಿ’ ಎಂದರೆ ಅವನ ಹತ್ತಿರ ಹುಷಾರಾಗಿರು ಎಂದು ಅರ್ಥ! ಆದ್ದರಿಂದ ಕನ್ನಡದಲ್ಲಿ ‘ಕೃತಕ’ ಎಂಬ ಪದವನ್ನೇ ಬಳಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಯಂತ್ರಕ್ಕೆ ಕಪಟ ಗೊತ್ತಿಲ್ಲ. ಅದಕ್ಕೆ ಸತ್ಯವೂ ಗೊತ್ತಿಲ್ಲ. ಹಾಗಾದರೆ ಅದಕ್ಕೆ ಗೊತ್ತಿರುವುದೇನು?

ನಾನು ‘ಉಪ್ಪು ತಿಂದವರು ನೀರು...’ ಎಂದು ಅರ್ಧಕ್ಕೆ ನಿಲ್ಲಿಸಿದರೆ ನೀವೆಲ್ಲರೂ ಒಟ್ಟಿಗೆ ‘ಕುಡಿಯಲೇಬೇಕು’ ಎನ್ನುತ್ತೀರಿ. ಏಕೆಂದರೆ ಆ ಮಾತನ್ನು ನೀವು ಹಲವು ಸಲ ಕೇಳಿದ್ದೀರಿ. ಯಂತ್ರವೂ ಹೀಗೆಯೇ ಮಾಡುತ್ತದೆ. ಅದಕ್ಕೆ ಕೋಟಿಗಟ್ಟಲೆ ಪುಟಗಳ ಬರಹವನ್ನು ಉಣಿಸಿರುತ್ತಾರೆ. ಯಾವ ಮಾತಿನ ಹಿಂದೆ ಯಾವ ಮಾತು ಬರುತ್ತದೆ ಎಂಬುದನ್ನು ಅದು ಆ ಬರಹಗಳಿಂದ ಲೆಕ್ಕ ಹಾಕಿ ಕಲಿಯುತ್ತದೆ. ‘ನನ್ನ ಊರು’ ಎಂದು ಕೇಳಿದಾಗ ಆ ಬರಹಗಳಲ್ಲಿ ಊರು ಎಂಬ ಪದದ ಸುತ್ತ ಹೆಚ್ಚಾಗಿ ಏನಿತ್ತೋ ಅದನ್ನು ಜೋಡಿಸಿ ಕೊಡುತ್ತದೆ. ಕನ್ನಡದಲ್ಲಿ ಮಲೆನಾಡನ್ನು, ಹೊಳೆಯನ್ನು, ತೋಟವನ್ನು ಕುರಿತು ಬರೆದವರು ಬಹಳ. ಜತ್ತ ತಾಲೂಕಿನ ಊರನ್ನು ಕುರಿತು ಕನ್ನಡದಲ್ಲಿ ಎಷ್ಟು ಜನ ಬರೆದಿದ್ದಾರೆ? ಬರೆಯದೆ ಇದ್ದದ್ದು ಯಂತ್ರಕ್ಕೆ ಸಿಗುವುದಾದರೂ ಎಲ್ಲಿಂದ?

ಚಿತ್ರವನ್ನು ಗುರುತಿಸುವ ಯಂತ್ರವೂ ನೋಡಿ ನೋಡಿಯೇ ಕಲಿಯುತ್ತದೆ. ಕುರುಬರ ಮನೆಯ ಹುಡುಗನಿಗೆ ಮಾಡಗ್ಯಾಳ ಕುರಿ ಯಾವುದು ಎಂದು ಯಾರೂ ಪಾಠ ಹೇಳಿರುವುದಿಲ್ಲ. ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಇಳಿಬಿದ್ದ ಉದ್ದ ಕಿವಿ, ಎತ್ತರದ ಮೈಕಟ್ಟು ಇವನ್ನು ದಿನವೂ ಕಂಡು ಅವನು ದೂರದಿಂದಲೇ ಹೇಳಬಲ್ಲ. ಯಂತ್ರಕ್ಕೂ ಸಾವಿರಾರು ಚಿತ್ರ ತೋರಿಸಿದರೆ ಅದೂ ಹೇಳುತ್ತದೆ. ಆದರೆ ಆ ಹುಡುಗ, ಕುರಿ ಮೇವು ಬಿಟ್ಟ ದಿನ ತಾನೂ ಸರಿಯಾಗಿ ಉಣ್ಣುವುದಿಲ್ಲ.

ಒಮ್ಮೆ ನಾನೇ ಇದನ್ನು ಪರೀಕ್ಷೆ ಮಾಡಿದೆ. ದಾನಮ್ಮದೇವಿಯ ಗುಡ್ಡಾಪುರ ನಮ್ಮ ಜತ್ತ ತಾಲೂಕಿನಲ್ಲಿದೆ ಎಂಬುದು ನಿಮಗೆಲ್ಲ ಗೊತ್ತು. ‘ಗುಡ್ಡಾಪುರ ಯಾವ ಜಿಲ್ಲೆಯಲ್ಲಿದೆ?’ ಎಂದು ಫೋನಿಗೆ ಕೇಳಿದೆ. ಅದು ಬೇರೊಂದು ಜಿಲ್ಲೆಯ ಹೆಸರನ್ನು ಒಂದಿಷ್ಟೂ ತಡವರಿಸದೆ ಹೇಳಿತು. ‘ಅಲ್ಲ, ಸಾಂಗಲಿ ಜಿಲ್ಲೆ’ ಎಂದೆ. ‘ಕ್ಷಮಿಸಿ, ನೀವು ಹೇಳಿದ್ದೇ ಸರಿ’ ಎಂದಿತು. ನನಗೆ ಚೇಷ್ಟೆ ಮಾಡುವ ಮನಸ್ಸಾಯಿತು. ‘ಅಲ್ಲ, ಅದು ನಾಗಪುರ ಜಿಲ್ಲೆಯಲ್ಲಿದೆ’ ಎಂದೆ. ಅದಕ್ಕೂ ‘ಕ್ಷಮಿಸಿ, ನೀವು ಹೇಳಿದ್ದೇ ಸರಿ’ ಎಂದಿತು! ತರಗತಿಯಲ್ಲಿ ಯಾರಾದರೂ ಹೀಗೆ ಉತ್ತರ ಹೇಳಿದರೆ ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. ಫೋನು ಹೇಳಿದರೆ ಏಕೆ ನಂಬುತ್ತೀರಿ?

ಹಾಗೆಂದು ಈ ಯಂತ್ರವನ್ನು ಹಳಿಯುತ್ತ ಕೂಡುವುದು ನನಗೆ ಸರಿ ಕಾಣುವುದಿಲ್ಲ. ‘ಮಕ್ಕಳ ಕೈಗೆ ಫೋನು ಕೊಡಲೇಬಾರದು’ ಎನ್ನುವ ಶಿಕ್ಷಕರು ನನ್ನ ಗೆಳೆಯರಲ್ಲಿಯೂ ಇದ್ದಾರೆ. ಅವರ ಮಾತನ್ನು ನಾನು ಒಪ್ಪದೆ ಇರುವುದಕ್ಕೆ ಒಬ್ಬ ಹುಡುಗ ಕಾರಣ.

ನಮ್ಮ ತಾಲೂಕಿನ ಅನೇಕ ಕುಟುಂಬಗಳು ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಕಾರ್ಖಾನೆಗಳ ಕಡೆಗೆ ಹೋಗುತ್ತವೆ. ಮನೆಯಲ್ಲಿ ನೋಡಿಕೊಳ್ಳುವ ಅಜ್ಜಿ ಇಲ್ಲದಿದ್ದರೆ ಮಕ್ಕಳೂ ಜೊತೆಗೆ ಹೋಗುತ್ತಾರೆ. ಅವರು ಮರಳುವಾಗ ಪರೀಕ್ಷೆ ಹತ್ತಿರ ಬಂದಿರುತ್ತದೆ. ಏಳನೆಯ ತರಗತಿಯ ಒಬ್ಬ ಹುಡುಗ ಹೀಗೆ ಹೋಗಿ ಬಂದವನು, ಅಪೂರ್ಣಾಂಕಗಳ ಲೆಕ್ಕವನ್ನು ಫಲಕದ ಮೇಲೆ ಸರಿಯಾಗಿ ಮಾಡಿ ತೋರಿಸಿದ. ನನಗೆ ಆಶ್ಚರ್ಯ. ಆ ಪಾಠ ನಡೆದಾಗ ಅವನು ಶಾಲೆಯಲ್ಲಿ ಇರಲಿಲ್ಲ. ಕೇಳಿದಾಗ, ರಾತ್ರಿ ಗುಡಿಸಲಿನಲ್ಲಿ ಅಪ್ಪನ ಫೋನಿಗೆ ಕೇಳಿ ಕಲಿತದ್ದಾಗಿ ಹೇಳಿದ. ಒಂದು ರೊಟ್ಟಿಯನ್ನು ನಾಲ್ಕು ತುಂಡು ಮಾಡಿದರೆ ಏನಾಗುತ್ತದೆ ಎಂದು ಅದು ತಿಳಿಸಿತಂತೆ. ತಿಳಿಯದಿದ್ದಾಗ ಮತ್ತೆ ಕೇಳಿದನಂತೆ, ಏಳೆಂಟು ಸಲ.

“ಅದಕ್ಕ ಸಿಟ್ಟ ಬರೂದಿಲ್ರಿ ಗುರುಜಿ” ಎಂದ ಅವನು.

ಆ ಮಾತು ನನಗೆ ನಾಟಿತು. ನಾನಾಗಿದ್ದರೆ ನಾಲ್ಕನೆಯ ಸಲಕ್ಕೆ ದನಿ ಏರಿಸುತ್ತಿದ್ದೆ. ಇನ್ನೂ ಒಂದು ಸಂಗತಿ ಹೇಳಿದ. ಮೊದಲ ದಿನ ಅವನಿಗೆ ಏನೂ ತಿಳಿಯಲಿಲ್ಲವಂತೆ. ಫೋನು ‘ಭಿನ್ನರಾಶಿ’ ಎನ್ನುತ್ತಿತ್ತು. ನಾವು ಕಲಿಸಿದ್ದು ‘ಅಪೂರ್ಣಾಂಕ’. ಕರ್ನಾಟಕದ ಪುಸ್ತಕಗಳ ಪದ ಬೇರೆ, ನಮ್ಮ ಕಡೆಯ ಪದ ಬೇರೆ. ಎರಡೂ ಒಂದೇ ಎಂಬುದನ್ನು ಅವನೇ ಲೆಕ್ಕ ನೋಡಿ ಕಂಡುಹಿಡಿದ. ನನ್ನನ್ನು ಕೇಳಿದರೆ, ಅವನು ಕಲಿತದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ.

ಒಂದೇ ಬಗೆಯ ಫೋನು. ಹುಡುಗಿ ತಾನು ಮಾಡಬೇಕಾದ ಕೆಲಸವನ್ನು ಅದರ ಕೈಗೆ ಕೊಟ್ಟಳು. ಹುಡುಗ ತನಗೆ ತಿಳಿಯದ್ದನ್ನು ಅದರಿಂದ ಕೇಳಿ, ಕೆಲಸವನ್ನು ತಾನೇ ಮಾಡಿದ. ಗರಡಿಯಲ್ಲಿ ಉಸ್ತಾದನು ಪಟ್ಟು ಹೇಳಿಕೊಡಬಹುದು. ಬೈಠಕ್ಕನ್ನೂ ಅವನ ಕಡೆಯಿಂದಲೇ ಹೊಡೆಸಿದರೆ ತೊಡೆ ಗಟ್ಟಿಯಾಗುವುದು ಯಾರದು?

ಇನ್ನು ಪಾಲಕರ ಮಾತು. ಪಾಲಕರ ಸಭೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. “ಗುರುಜಿ, ಕನ್ನಡ ಸಾಲಿ ಕಲ್ತು ನಮ್ಮ ಹುಡುಗಗ ಏನು ನೌಕರಿ ಸಿಕ್ಕೀತ್ರಿ?” ಎಂದು ಹಿಂದಿನಿಂದಲೂ ಕೇಳುತ್ತಿದ್ದರು. ಈಗ ಅದಕ್ಕೆ ಇನ್ನೊಂದು ಬಾಲ ಸೇರಿದೆ. “ಎಲ್ಲಾ ಕೆಲಸ ಮಷೀನ್ ಮಾಡ್ತೈತಂತ. ಯಾವ ಸಾಲಿ ಕಲ್ತರೂ ಅಷ್ಟ ಅಲ್ರಿ?”

ಈ ಭಯವನ್ನು ನಾನು ತಳ್ಳಿಹಾಕಲಾರೆ. ಕಬ್ಬು ಕಡಿಯುವ ಯಂತ್ರ ಹೊಲಕ್ಕೆ ಇಳಿದಾಗ ಕೊಯ್ತ ಹಿಡಿದವರ ಎದೆ ಝಲ್ಲೆಂದದ್ದನ್ನು ನಾವು ನೋಡಿದ್ದೇವೆ. ಆಗ ನಾವು ಶಿಕ್ಷಕರು, ‘ಚೆನ್ನಾಗಿ ಓದಿರಿ, ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸ ಸಿಗುತ್ತದೆ’ ಎಂದು ಮಕ್ಕಳಿಗೆ ಹೇಳುತ್ತಿದ್ದೆವು. ಈ ಹೊಸ ಯಂತ್ರ ಕುರ್ಚಿಯ ಕೆಲಸಕ್ಕೇ ಕೈ ಹಾಕಿದೆ. ಪತ್ರ ಬರೆಯುವುದು, ಲೆಕ್ಕ ಬರೆದಿಡುವುದು, ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವುದು, ಇವುಗಳಲ್ಲಿ ಅದು ಈಗಾಗಲೇ ಚುರುಕಾಗಿದೆ.

ಈ ಕೊನೆಯ ಕೆಲಸ ನನ್ನದೂ ಹೌದು. ನಿಮ್ಮ ಗಣಿತ, ವಿಜ್ಞಾನದಂಥ ಪುಸ್ತಕಗಳು ಮೊದಲು ಮರಾಠಿಯಲ್ಲಿ ಸಿದ್ಧವಾಗಿ ಬಳಿಕ ಕನ್ನಡಕ್ಕೆ ಬರುತ್ತವೆ. ಒಂದು ಪಾಠವನ್ನು ಕನ್ನಡಕ್ಕೆ ತರಲು ನನಗೆ ಎರಡು ಮೂರು ದಿನ ಬೇಕು. 2011ರಲ್ಲಿ ಗೂಗಲ್ ಅನುವಾದದಲ್ಲಿ ಕನ್ನಡ ಸೇರಿತು. 2022ರಲ್ಲಿ ಭಾರತ ಸರಕಾರವು ನಮ್ಮ ದೇಶದ ಭಾಷೆಗಳಿಗಾಗಿಯೇ ‘ಭಾಷಿಣಿ’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಇಂಥ ಯಂತ್ರಾನುವಾದವನ್ನು ನಾನು ಮನೆಯಲ್ಲಿ ಕುಳಿತು ಆಗಾಗ ಪರೀಕ್ಷಿಸುತ್ತೇನೆ. ಕೆಲವು ವರ್ಷಗಳ ಹಿಂದೆ ‘ತಾಈಲಾ ರಾಗ ಆಲಾ’ ಎಂಬ ಮರಾಠಿ ವಾಕ್ಯವನ್ನು ಕೊಟ್ಟರೆ ‘ತಾಯಿಗೆ ರಾಗ ಬಂದಿತು’ ಎಂದು ಉತ್ತರ ಬಂದಿತ್ತು. ಮನೆಯವರೆಲ್ಲ ನಕ್ಕೆವು. ಮರಾಠಿಯ ‘ತಾಈ’ ಎಂದರೆ ಅಕ್ಕ, ‘ರಾಗ’ ಎಂದರೆ ಸಿಟ್ಟು. ಗಡಿಯಲ್ಲಿ ಬೆಳೆದ ನಿಮಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಇತ್ತೀಚೆಗೆ ಅದೇ ವಾಕ್ಯವನ್ನು ಮತ್ತೆ ಕೊಟ್ಟೆ. ‘ಅಕ್ಕನಿಗೆ ಸಿಟ್ಟು ಬಂದಿತು’ ಎಂದು ಸರಿಯಾಗಿ ಬರೆಯಿತು. ಈ ಸಲ ನಾನು ನಗಲಿಲ್ಲ. ನನ್ನ ಕೆಲಸ ಇನ್ನೆಷ್ಟು ವರ್ಷ ಎಂದು ಯೋಚಿಸಿದೆ.

ಆಮೇಲೆ ನಮ್ಮ ಮಾತಿನಲ್ಲಿಯೇ ಒಂದು ವಾಕ್ಯ ಕೊಟ್ಟೆ. ‘ಅಜ್ಜ ಕುರಿ ಹೊಡಕೊಂಡು ಹೋದ.’ ಅಜ್ಜ ಕುರಿಗೆ ಹೊಡೆದು ಹೋದನೆಂದು ಯಂತ್ರ ಮರಾಠಿಯಲ್ಲಿ ಬರೆಯಿತು! ಪಾಪ, ಇಡೀ ಹಿಂಡನ್ನು ಮಕ್ಕಳಂತೆ ಸಾಕಿದ ಅಜ್ಜನ ಮೇಲೆ ಎಂಥ ಆರೋಪ!

ನಾಳೆ ಯಂತ್ರ ಇದನ್ನೂ ಕಲಿತೀತು. ಕಲಿಯಬೇಕಾದರೆ ಯಾರಾದರೂ ಅದಕ್ಕೆ ಕಲಿಸಬೇಕು. ಆ ಕಲಿಸುವ ಕೆಲಸ ಈಗ ಒಂದು ಉದ್ಯೋಗವೇ ಆಗಿದೆ. ಬೆಂಗಳೂರಿನಲ್ಲಿ ‘ಕಾರ್ಯ’ ಎಂಬ ಒಂದು ಸಂಸ್ಥೆ ಇದೆ. 2023ರಲ್ಲಿ ಅದು ಕರ್ನಾಟಕದ ಹಳ್ಳಿಗಳ ಜನರಿಗೆ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ಧ್ವನಿಮುದ್ರಿಸುವ ಕೆಲಸ ಕೊಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತೇ ಈ ಕೆಲಸ ಮಾಡಿದರು. ತಾಸಿಗೆ ಸುಮಾರು ಐದು ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ನಾಲ್ಕುನೂರು ರೂಪಾಯಿಯಷ್ಟು ಸಂಬಳ. ಹೀಗೆ ಕೂಡಿಸಿದ ಮಾತುಗಳು ಕ್ಷಯರೋಗದ ಬಗ್ಗೆ ಕನ್ನಡದಲ್ಲಿ ಮಾಹಿತಿ ಕೊಡುವ ಯಂತ್ರವನ್ನು ಸಿದ್ಧಪಡಿಸಲು ಬೇಕಾಗಿದ್ದವು. ಇಂಗ್ಲಿಷ್ ಬಾರದ ಹೆಣ್ಣುಮಗಳು ಕೂಡ ಶುದ್ಧವಾಗಿ ಕನ್ನಡ ಓದಬಲ್ಲಳು ಎಂಬ ಒಂದೇ ಕಾರಣಕ್ಕೆ ಅವಳ ಕೈಗೆ ಗಳಿಕೆ ಬಂದಿತು. ಇಂಥ ಕೆಲಸ ವರ್ಷವಿಡೀ ಇರುವುದಿಲ್ಲ, ಇದನ್ನು ನಂಬಿ ಸಂಸಾರ ನಡೆಸಲಾಗದು, ಅದನ್ನೂ ಹೇಳಬೇಕು. ಆದರೆ ‘ಕನ್ನಡ ಕಲಿತು ಏನು ಸಿಕ್ಕೀತು’ ಎಂದು ಕೇಳಿದ ಪಾಲಕರಿಗೆ ನಾನು ಈ ಸಂಗತಿಯನ್ನು ಹೇಳಿದಾಗ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಎಲ್ಲರ ಕನ್ನಡವೂ ಒಂದೇ ಅಲ್ಲ. ಉಮದಿಯ ಕನ್ನಡ, ಸಂಖದ ಕನ್ನಡ ಯಂತ್ರದ ಕಿವಿಗೆ ಎಷ್ಟು ಬಿದ್ದೀತು? ಅದು ‘ಈರುಳ್ಳಿ’ಯನ್ನು ಬಲ್ಲುದು, ‘ಉಳ್ಳಾಗಡ್ಡಿ’ಗೆ ತಡವರಿಸೀತು.

ಇದರಿಂದ ಏನು ನಷ್ಟ ಎನ್ನುವಿರಾ? ಮಿರಜಿನ ದವಾಖಾನೆಗಳಿಗೆ ಗಡಿಯ ಆಚೆ ಈಚೆಯ ಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ಒಬ್ಬ ಅಜ್ಜಿ, “ಹೊಟ್ಟಿ ಕಡಿತೈತ್ರಿ” ಎನ್ನುತ್ತಾಳೆ. ಡಾಕ್ಟರರಿಗೆ ಕನ್ನಡ ಬಾರದು. ಪಕ್ಕದಲ್ಲಿ ನಿಂತ ನರ್ಸ್ ನಿಮ್ಮಂಥ ಶಾಲೆಯಲ್ಲಿ ಕನ್ನಡವನ್ನೂ ಮರಾಠಿಯನ್ನೂ ಕಲಿತವಳಾಗಿದ್ದರೆ ಅಜ್ಜಿಯ ಮಾತು ಮಾತ್ರವಲ್ಲ, ಅವಳು ಹೇಳಲು ನಾಚಿಕೊಂಡದ್ದು ಕೂಡ ಡಾಕ್ಟರರಿಗೆ ಮುಟ್ಟುತ್ತದೆ. ಹೊಟ್ಟೆಯನ್ನು ಯಾವುದೋ ಪ್ರಾಣಿ ಕಚ್ಚಿದೆ ಎಂದು ಯಂತ್ರ ತಿಳಿದರೆ ಔಷಧವೇ ಬೇರೆಯಾದೀತು. ಆದ್ದರಿಂದ ಎರಡು ಭಾಷೆ ಬಲ್ಲ ಮಗು ಹಿಂದೆ ಬಿದ್ದಿದೆ ಎಂಬ ಮಾತನ್ನು ನಾನು ಒಪ್ಪಲಾರೆ.

ನಿಮ್ಮಲ್ಲಿ ಬಹಳ ಜನ ಮುಂದೆ ಒಕ್ಕಲುತನವನ್ನೇ ಮಾಡುವಿರಿ. ಅಲ್ಲಿಯೂ ಈ ಯಂತ್ರ ಬರುತ್ತಿದೆ. ಪುಣೆ ಜಿಲ್ಲೆಯ ಬಾರಾಮತಿಯಲ್ಲಿ 2024ರಿಂದ ಕಬ್ಬಿನ ಹೊಲಗಳಲ್ಲಿ ಇದರ ಪ್ರಯೋಗ ನಡೆದಿದೆ. ನೆಲದ ಹಸಿಯನ್ನು ಅಳೆಯುವ ಸಾಧನ, ಹವಾಮಾನ ಅಳೆಯುವ ಕಂಬ, ಉಪಗ್ರಹದ ಚಿತ್ರ ಇವನ್ನೆಲ್ಲ ಕೂಡಿಸಿ, ನೀರು ಯಾವಾಗ ಬಿಡಬೇಕು, ಗೊಬ್ಬರ ಎಷ್ಟು ಬೇಕು ಎಂದು ರೈತನ ಫೋನಿಗೆ ಸೂಚನೆ ಬರುತ್ತದೆ. ನೀರಿನ ಒಂದೊಂದು ಕೊಡಕ್ಕೂ ಬೆಲೆ ತಿಳಿದ ನಮ್ಮ ತಾಲೂಕಿಗೆ ಇದು ಬೇಡವಾದೀತೇ? ದಾಳಿಂಬೆಗೆ ‘ತೇಲ್ಯಾ’ ರೋಗ ಬಂದರೆ ತೋಟವೇ ಹಾಳಾಗುತ್ತದೆ. ಕಾಯಿಯ ಮೇಲೆ ಎಣ್ಣೆ ಸಿಡಿದಂಥ ಕಲೆ ಬೀಳುವುದರಿಂದ ಅದಕ್ಕೆ ಆ ಹೆಸರು. ಎಲೆ, ಕಾಯಿಗಳ ಚಿತ್ರ ತೆಗೆದರೆ ರೋಗವನ್ನು ಗುರುತಿಸುವ ತಂತ್ರಾಂಶಗಳು ಈಗ ಇವೆ. ಆದರೂ ಒಂದು ಮಾತು. ಚಿತ್ರ ನೋಡಿ ಯಂತ್ರ ಹೇಳಿದ ಔಷಧವನ್ನು ಹಾಗೆಯೇ ಸಿಂಪಡಿಸಿ ಕೈ ಸುಟ್ಟುಕೊಳ್ಳುವ ಬದಲು ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದವರನ್ನೋ ಊರಿನ ಅನುಭವಿ ರೈತರನ್ನೋ ಕೇಳುವುದು ಮೇಲು. ಪ್ರಶ್ನೆ ಕೇಳಲು, ಉತ್ತರವನ್ನು ಒರೆಗೆ ಹಚ್ಚಿ ನೋಡಲು ಓದು ಬೇಕು. ಓದು ಬಿಟ್ಟವನಿಗೆ ಯಂತ್ರ ಹೇಳಿದ್ದೇ ವೇದವಾಗುತ್ತದೆ.

ಫೋನು ಹಿಡಿಯುವ ಮುನ್ನ ಇನ್ನೆರಡು ಮಾತು. ಇಂಥ ಅನೇಕ ತಂತ್ರಾಂಶಗಳನ್ನು ಹದಿಮೂರು ವರ್ಷದೊಳಗಿನ ಮಕ್ಕಳು ಬಳಸಬಾರದೆಂದು ಅವುಗಳನ್ನು ತಯಾರಿಸಿದವರೇ ನಿಯಮ ಮಾಡಿದ್ದಾರೆ. ಆದ್ದರಿಂದ ನಿಮ್ಮಲ್ಲಿ ಚಿಕ್ಕವರು ಅಪ್ಪ, ಅವ್ವ ಅಥವಾ ಅಣ್ಣ, ಅಕ್ಕಂದಿರ ಮಗ್ಗುಲಲ್ಲಿ ಕುಳಿತೇ ನೋಡಬೇಕು. ನಿಮ್ಮ ಹೆಸರು, ಮನೆಯ ವಿಳಾಸ, ಫೋಟೋಗಳನ್ನು ಅದಕ್ಕೆ ಕೊಡಬಾರದು. ಮಗ್ಗಿ ಬಾಯಿಪಾಠ ಮಾಡುವುದನ್ನು ಫೋನಿದೆ ಎಂದು ಬಿಟ್ಟವರು ಸಂತೆಯಲ್ಲಿ ಚಿಲ್ಲರೆ ಎಣಿಸುವಾಗ ನನಗೆ ಭೇಟಿಯಾಗಲಿ!

ಆ ಹುಡುಗಿಯ ಕಥೆ ಅರ್ಧಕ್ಕೆ ನಿಂತಿತು. ನಾನು ಅವಳಿಗೆ ವಹಿ ಮರಳಿ ಕೊಟ್ಟು, “ಈ ಊರಿಗೆ ನನ್ನನ್ನು ಕರೆದುಕೊಂಡು ಹೋಗು. ನದಿಯಲ್ಲಿ ಈಜೋಣ” ಎಂದೆ. ಅವಳಿಗೆ ನಗು ಬಂದಿತು. “ಇಂಥಾದ್ದು ನಮ್ಮೂರಾಗ ಇಲ್ರಿ ಗುರುಜಿ” ಎಂದಳು. “ಇರುವುದು ಏನು?” ಎಂದು ಕೇಳಿದೆ. ಸುಮ್ಮನೆ ನಿಂತಳು. ಸಂಜೆ ಮನೆಗೆ ಹೋಗಿ ಅಜ್ಜಿಯ ಹತ್ತಿರ ಕುಳಿತಳಂತೆ.

ಮರುದಿನ ಆರೇ ಸಾಲು ಬರೆದು ತಂದಳು. ಟ್ಯಾಂಕರ್ ಬರುವ ಸಪ್ಪಳವನ್ನು ಎಲ್ಲರಿಗಿಂತ ಮೊದಲು ಅವರ ಮನೆಯ ನಾಯಿ ಕೇಳಿಸಿಕೊಳ್ಳುತ್ತದೆ. ಅದು ಬೊಗಳಿದ ಕೂಡಲೆ ಓಣಿಯವರೆಲ್ಲ ಕೊಡ ತೆಗೆದುಕೊಂಡು ಹೊರಗೆ ಬರುತ್ತಾರೆ. ಅಜ್ಜಿ ಚಿಕ್ಕವಳಿದ್ದಾಗ ನೀರಿಗಾಗಿ ಹಳ್ಳದಲ್ಲಿ ವರ್ತಿ ತೋಡುತ್ತಿದ್ದಳು. ಈಗ ಆ ಹಳ್ಳದ ದಂಡೆಗೆ ಚಿಕ್ಕಪ್ಪ ದಾಳಿಂಬೆ ಹಚ್ಚಿದ್ದಾನೆ. ಮೊದಲ ಹಣ್ಣನ್ನು ಮಾರದೆ ಗುಡ್ಡಾಪುರದ ದಾನಮ್ಮನಿಗೆ ಒಯ್ದು ಕೊಟ್ಟರು. ಇಷ್ಟು ಬರೆದಿದ್ದಳು. ನಾಲ್ಕು ಕಡೆ ಕಾಗುಣಿತ ತಪ್ಪಿತ್ತು. ‘ದಾಳಿಂಬೆ’ಯ ‘ಳ’ ‘ಲ’ ಆಗಿತ್ತು. ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿ, ತರಗತಿಯಲ್ಲಿ ಗಟ್ಟಿಯಾಗಿ ಓದಲು ಹೇಳಿದೆ. ನಾಯಿಯ ಸಾಲು ಬಂದಾಗ ಹಿಂದಿನ ಸಾಲಿನ ಹುಡುಗರು, “ಹೌದ್ರಿ ಗುರುಜಿ, ಖರೇನ ಐತ್ರಿ!” ಎಂದು ಕೂಗಿದರು.

ಓದಿ ಮುಗಿಸಿ ಅವಳು ಕೇಳಿದಳು, “ಗುರುಜಿ, ಇದನ್ನ ಅಣ್ಣನ ಫೋನಿಗೆ ತೋರ್ಸಲೇನ್ರಿ?”

“ತೋರಿಸು. ಮೊದಲು ಅಜ್ಜಿಗೆ ಓದಿ ಹೇಳು” ಎಂದೆ.